ಬಡಿಸುವವನ ಎಲೆ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ, ಕಮಾಲುದ್ದೀನ್ ಸಾಹೇಬರ ಚಪ್ಪಲಿ ಅಂಗಡಿಗೆ ಅಂಟಿಕೊಂಡು ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಲ್ಲಿ ದಿನಕ್ಕೆ ಎಂಟು ಹತ್ತು ಸಲವಾದರೂ ಒಂದೇ ಮಾತುಕತೆ ನಡೆಯುತ್ತದೆ.

"ಹಲೋ, ಕೇಳ್ತಾ ಇದ್ಯಾ?"

"ಹಾಂ, ಕೇಳ್ತದೆ. ಹೇಳಿ."

ಎರಡೂ ದನಿ ಸೋಮನಾಥನದೇ. ರಿಪೇರಿಯಾದ ಫೋನನ್ನು ಬಲಗಿವಿಗೆ, ತನ್ನ ಫೋನನ್ನು ಎಡಗಿವಿಗೆ ಹಿಡಿದು, ತನಗೆ ತಾನೇ ಕರೆ ಮಾಡಿ, ಮೈಕು ಸ್ಪೀಕರು ಸರಿಯಾಗಿದೆಯೇ ಎಂದು ನೋಡುವ ಕ್ರಮ ಅದು. ಹೊಸಬರು ಕಂಡರೆ ಪಾಪ, ತಲೆ ಕೆಟ್ಟಿರಬೇಕು ಅಂದುಕೊಳ್ಳುತ್ತಾರೆ. ಕಮಾಲುದ್ದೀನ್ ಸಾಹೇಬರಂತೂ ಇಪ್ಪತ್ತು ವರ್ಷದಿಂದ ಇದನ್ನೇ ಹಿಡಿದು ರೇಗಿಸುತ್ತಾರೆ. "ಆ ಕಡೆಯವ್ರು ಎಂತ ಅಂದ್ರು ಸೋಮಣ್ಣ? ಹೆಣ್ಣು ಕೊಡ್ತಾರಂತಾ?"

ಹೆಣ್ಣು ಕೊಡುವ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ಸೋಮನಾಥನಿಗೆ ಈಗ ನಲವತ್ತೇಳು. ಬಾಳೆಹೊನ್ನೂರಿನ ಹತ್ತಿರದ ಹಳ್ಳಿಯವನು. ಐಟಿಐ ಮುಗಿಸಿ ರೇಡಿಯೋ ಬಿಚ್ಚಿದ, ಆಮೇಲೆ ಟಿವಿ ಬಿಚ್ಚಿದ, ಕಡೆಗೆ ಮೊಬೈಲು. ಮೂರು ಕಡೆ ಜಾತಕ ಕೂಡಿತ್ತು, ಮೂರೂ ಕಡೆ ಏನೋ ಒಂದಾಗಿ ತಪ್ಪಿತು. ಆರು ವರ್ಷದ ಹಿಂದೆ ತಾಯಿಯೂ ಹೋದ ಮೇಲೆ ಅಂಗಡಿಯ ಹಿಂದಿನ ಒಂದು ಕೋಣೆಯೇ ಮನೆ. ಅನ್ನ ಸಾರು ಮಾಡಿಕೊಳ್ಳುತ್ತಾನೆ. ಮಾಡಿದ್ದು ಯಾವಾಗಲೂ ಸ್ವಲ್ಪ ಹೆಚ್ಚಾಗುತ್ತದೆ, ಮಾರನೆಯ ದಿನಕ್ಕೂ ಅದನ್ನೇ ಉಣ್ಣುತ್ತಾನೆ.

ಇಂಥವನು ಒಂದೇ ಕೋಣೆಯಲ್ಲಿ ಕೂತ ಹತ್ತು ಜನ ಫೋಟೋ ಹಂಚಿಕೊಳ್ಳುವುದಕ್ಕೆಂದು ಒಂದು ಯಂತ್ರ ಮಾಡಿದ ಎಂದರೆ ನಗು ಬರಬೇಕು. ನನಗೂ ಬಂದಿತ್ತು.

ಅದು ಶುರುವಾದದ್ದು ಕಮ್ಮರಡಿಯ ವೀರಬಸಮ್ಮನಿಂದ. ಆಕೆ ಅಲ್ಲಿಯ ಮಹಿಳಾ ಸಂಘದ ಅಧ್ಯಕ್ಷೆ, ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಮಾತು ಎಂದರೆ ಕೊಡಲಿ ಏಟು. ಮೊಮ್ಮಗನ ನಾಮಕರಣ ಮುಗಿದ ಮೂರನೇ ದಿನ ಚೀಲದ ತುಂಬ ಹದಿನಾಲ್ಕು ಫೋನು ತುಂಬಿಕೊಂಡು ಬಸ್ಸಿಳಿದು ಬಂದು, ಸೋಮನಾಥನ ಮೇಜಿನ ಮೇಲೆ ಸುರಿದಳು.

"ನೋಡಪ್ಪ ಸೋಮಣ್ಣ, ಇದ್ರಲ್ಲೆಲ್ಲ ನಮ್ಮ ಪುಟ್ಟನ ಫೋಟೋ ಇದೆ. ಎಲ್ರೂ 'ಕಳಿಸ್ತೀನಿ, ಕಳಿಸ್ತೀನಿ' ಅಂತ ಹೇಳಿ ಹೋದ್ರು. ಒಬ್ರೂ ಕಳಿಸ್ಲಿಲ್ಲ. ಕಳಿಸೋಕೆ ನಮ್ಮಲ್ಲಿ ಟವರ್ ಆದ್ರೂ ಎಲ್ಲಿದೆ? ಗುಡ್ಡ ಹತ್ತಬೇಕು. ನೀನು ಎಲ್ಲದ್ರಲ್ಲಿರೋದನ್ನೂ ಎಲ್ಲದಕ್ಕೂ ಹಾಕಿ ಕೊಡು."

ಹದಿನಾಲ್ಕು ಫೋನು. ಪ್ರತಿಯೊಂದರದ್ದು ಉಳಿದ ಹದಿಮೂರಕ್ಕೆ. ಬೆಳಗ್ಗೆ ಕೂತವನು ಏಳುವಾಗ ಸಂಜೆಯಾಗಿತ್ತು. ವಯರು ಚುಚ್ಚಿ ತೆಗೆದು ಚುಚ್ಚಿ ತೆಗೆದು ಬೆರಳು ನೋಯುತ್ತಿತ್ತು. ಆದರೆ ಆ ಫೋಟೋಗಳನ್ನು ನೋಡುತ್ತ ಅವನಿಗೊಂದು ಯೋಚನೆ ಬಂತು. ಇಷ್ಟೂ ಜನ ಮೊಣಕೈಗೆ ಮೊಣಕೈ ತಾಗಿಸಿ ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಆಗಲೇ, ಅಲ್ಲಿಯೇ ಕೊಟ್ಟು ತೆಗೆದುಕೊಂಡಿದ್ದರೆ ಮುಗಿದೇ ಹೋಗುತ್ತಿತ್ತಲ್ಲ? ಪಕ್ಕದಲ್ಲಿ ಕೂತವರಿಗೆ ಒಂದು ಫೋಟೋ ಕೊಡಲು ಗುಡ್ಡ ಹತ್ತಿ ಆಕಾಶಕ್ಕೆ ಕಳಿಸಿ ಇಳಿಸಿಕೊಳ್ಳಬೇಕೆಂದರೆ ಇದೆಂಥ ಕರ್ಮ?

ಹಳೆಯ ರೌಟರಿನ ಹೊಟ್ಟೆ ಬಗೆದು, ಅಂಗೈಯಗಲದ ಒಂದು ಬೋರ್ಡು ತರಿಸಿ, ಮೂರು ತಿಂಗಳು ಕೂತು ಒಂದು ಪೆಟ್ಟಿಗೆ ಮಾಡಿದ. ಇಂಟರ್ನೆಟ್ಟಿನ ಹಂಗಿಲ್ಲ. ಅದನ್ನು ಕೋಣೆಯಲ್ಲಿಟ್ಟು ಫೋನಿನಲ್ಲಿ ವೈಫೈ ಹಚ್ಚಿದರೆ, ಅಲ್ಲಿರುವ ಫೋನುಗಳ ಹೆಸರೆಲ್ಲ ಒಂದರ ಕೆಳಗೊಂದು ಕಾಣುತ್ತವೆ. ಯಾರಿಗೆ ಬೇಕೋ ಅವರ ಹೆಸರು ಒತ್ತಿದರೆ ಫೋಟೋ ಹೋಗುತ್ತದೆ. ತಾಯಿಯ ನೆನಪಿಗಿರಲಿ ಎಂದು ಆಕೆಯ ಹಿತ್ತಾಳೆಯ ಎಲೆಅಡಿಕೆ ಡಬ್ಬಿಯೊಳಗೇ ಅದನ್ನು ಕೂರಿಸಿದ. ಕೂರಿಸಿ ಮುಚ್ಚಳ ಮುಚ್ಚಿದ ಕೂಡಲೇ ಸಿಗ್ನಲ್ ಸತ್ತಿತು. ಹಿತ್ತಾಳೆಯೊಳಗಿಂದ ವೈಫೈ ಹೊರಗೆ ಬರುವುದಿಲ್ಲ ಎಂಬುದು ಇಪ್ಪತ್ತೈದು ವರ್ಷ ಅದೇ ಕೆಲಸ ಮಾಡಿದವನಿಗೆ ಹೊಳೆಯಬೇಡವೇ? ತಾಯಿಯ ಮೇಲಿನ ಪ್ರೀತಿಯಲ್ಲಿ ಹೊಳೆಯಲಿಲ್ಲ, ಬಿಡಿ.

ಪ್ಲಾಸ್ಟಿಕ್ ಟಿಫಿನ್ ಬಾಕ್ಸಿಗೆ ಬದಲಾಯಿಸಿ ವೀರಬಸಮ್ಮನ ಮನೆಗೆ, ಸಂಘದ ಸಭೆಗೆ ಒಯ್ದ. ಅನಾಹುತವೇ ಆಯಿತು. ಪಟ್ಟಿಯಲ್ಲಿ ಬಂದ ಹೆಸರೆಲ್ಲ ಫೋನಿನ ಕಂಪನಿಯವು. ಒಂದೇ ಹೆಸರು ಒಂಬತ್ತು ಸಲ. ಯಾವುದು ಯಾರದೋ ದೇವರೇ ಬಲ್ಲ. ವೀರಬಸಮ್ಮನ ಸೊಸೆಯ ಫೋಟೋ ಹೊರಗೆ ರಸ್ತೆಯಲ್ಲಿ ಚಹಾ ಕುಡಿಯುತ್ತಿದ್ದ ಜೀಪ್ ಡ್ರೈವರನ ಫೋನಿಗೆ ಹೋಗಿ ಕೂತಿತು. ಅವನು ಪಾಪ ಒಳ್ಳೆಯವನು, ತಾನಾಗೇ ಬಂದು ಅಳಿಸಿ ತೋರಿಸಿ ಹೋದ. ವೀರಬಸಮ್ಮ ಮಾತ್ರ ಸೋಮನಾಥನನ್ನು ನಿಲ್ಲಿಸಿ ನೀರಿಳಿಸಿದಳು.

"ಎಂಥ ಮಿಷಿನಪ್ಪ ಇದು! ಯಾರ ಜೇಬಿಗೆ ಯಾರ ಕೈ ಅಂತ ಗೊತ್ತಾಗಬೇಡ್ವಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ತಗೊಂಡು ಹೋಗು ಇದನ್ನ!"

ಸೋಮನಾಥ ತಲೆ ತಗ್ಗಿಸಿ ವಯರು ಸುತ್ತುತ್ತಿದ್ದಾಗ ಮೂಲೆಯಿಂದ ಒಂದು ಶಾಂತ ದನಿ ಬಂತು. "ಅಮ್ಮ, ಮಿಷಿನಿನ ತಪ್ಪಲ್ಲ. ಕೊಡೋ ರೀತಿ ತಪ್ಪು."

ಅದು ಗೋದಾವರಿ ಟೀಚರ್. ಭಂಡಿಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ವೀರಬಸಮ್ಮನ ಮಹಡಿಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ಹದಿನೈದು ವರ್ಷ ಕಳೆದಿತ್ತು. ಅವರು ಎದ್ದು ಬಂದು, ಸಭೆಯ ನಡುವೆ ಇದ್ದ ಎಲೆಅಡಿಕೆ ತಬಕನ್ನು ತೋರಿಸಿದರು.

"ನಮ್ಮಲ್ಲಿ ಯಾರಾದ್ರೂ ಇನ್ನೊಬ್ಬರ ಬಾಯಿಗೆ ಎಲೆಅಡಿಕೆ ತುರುಕ್ತಾರಾ? ತಬಕು ಮಧ್ಯೆ ಇಡ್ತೀವಿ. ಇದ್ದವ್ರು ಇಡ್ತಾರೆ, ಬೇಕಾದವ್ರು ಬೇಕಾದಷ್ಟು ತಗೊಳ್ತಾರೆ. ಯಾರೂ ಯಾರ ಜೇಬಿಗೂ ಕೈ ಹಾಕಲ್ಲ. ನಿಮ್ಮ ಪೆಟ್ಟಿಗೇನೂ ಹಾಗೇ ಮಾಡಿ, ಸೋಮನಾಥ್ ಅವರೇ."

ಊರಿನ ಹೆಂಗಸರೆಲ್ಲ ಅವನನ್ನು ಸೋಮಣ್ಣ ಅನ್ನುತ್ತಾರೆ. ಆಕೆಯೊಬ್ಬರೇ ಅಂದಿನಿಂದ ಸೋಮನಾಥ್ ಅವರೇ ಅನ್ನುತ್ತಿದ್ದರು. ಅದರಲ್ಲೇನಾದರೂ ಇದೆಯೇ ಎಂದು ಅವನು ಯೋಚಿಸಲಿಲ್ಲ. ಪೂರ್ತಿ ಹೆಸರು ಹಿಡಿದು ಕರೆಯುವವರು ಒಬ್ಬರಿದ್ದಾರಲ್ಲ ಎಂದು ಸುಮ್ಮನೆ ಸಂತೋಷಪಟ್ಟ.

ಆ ದಿನದಿಂದ ಎರಡು ವರ್ಷ, ಬಿಡುವಾದ ಭಾನುವಾರವೆಲ್ಲ ಕಮ್ಮರಡಿಗೆ ಬಸ್ಸು ಹತ್ತಿದ. ಮರದ ತಟ್ಟೆಯೊಂದರ ಅಡಿಗೆ ಬೋರ್ಡು, ಬ್ಯಾಟರಿ ಕೂರಿಸಿದ. ಯಂತ್ರಕ್ಕೆ ತಬಕು ಎಂದೇ ಹೆಸರಾಯಿತು. ಫೋನಿನಲ್ಲಿ ಈಗ ಎರಡೇ ಗುಂಡಿ. 'ಇಡಿ', 'ತಗೊಳ್ಳಿ'. ಒಬ್ಬರಿಗೇ ಎಂದು ಏನಾದರೂ ಇಡಬೇಕಿದ್ದರೆ ಅವರ ಹೆಸರು ಬರೆದಿಡಬಹುದು, ಬೇರೆಯವರು ಅದನ್ನು ಮುಟ್ಟುವುದಿಲ್ಲ.

ಹೊರಗಿನವರು ನುಸುಳಬಾರದೆಂದು ತಟ್ಟೆಯ ಅಂಚಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಹೊಳೆಯುವಂತೆ ಮಾಡಿದ. ಅದನ್ನು ಕಣ್ಣಾರೆ ಕಂಡು ಒತ್ತಿದವರಿಗೆ ಮಾತ್ರ ಪ್ರವೇಶ. ಮೊದಲ ದಿನವೇ ವೀರಬಸಮ್ಮ ಅಡಿಗೆಮನೆಯತ್ತ ತಿರುಗಿ, "ಇನ್ನೂರಾ ಹದಿನಾಲ್ಕು ಕಣ್ರೇ!" ಎಂದು ಕೂಗಿಬಿಟ್ಟಳು. ಸೋಮನಾಥ ತಲೆಗೆ ಕೈ ಹೊತ್ತ. ಗೋದಾವರಿ ಟೀಚರ್ ಬಿದ್ದು ಬಿದ್ದು ನಕ್ಕರು.

"ಅದೇ ಸರಿ ಸೋಮನಾಥ್ ಅವರೇ. ಒಲೆ ಮುಂದೆ ಇರೋರೂ ಮನೆಯವರೇ ತಾನೇ? ಕೂಗಿದ್ರೆ ಕೇಳೋಷ್ಟು ದೂರ ಇದ್ರೆ ಅವ್ರೂ ಒಂದೇ ಕೋಣೆಯವ್ರು."

ಅವನು ಅದನ್ನು ಹಾಗೇ ಬಿಟ್ಟ. ಕೋಣೆಗೆ ಗೋಡೆ ಯಾವುದೆಂದು ಒಂದು ವರ್ಷ ಲೆಕ್ಕ ಹಾಕಿದವನಿಗೆ ಆಕೆ ಒಂದು ಮಾತಿನಲ್ಲಿ ಉತ್ತರ ಕೊಟ್ಟಿದ್ದರು.

ಪರೀಕ್ಷೆ ಮಾಡುವುದೆಂದರೆ ಅವನು ಜಗಲಿಯಲ್ಲಿ, ಆಕೆ ಒಳಗೆ. "ಬಂತಾ ಮೇಡಂ?" "ಬಂತು." "ಈಗ?" "ಈಗ್ಲೂ ಬಂತು." ಇಷ್ಟೇ ಮಾತು. ಇನ್ನೊಂದು ಕಡೆಯಿಂದ ಬೇರೆಯವರ ದನಿ ಉತ್ತರ ಕೊಡುವುದು ಅವನಿಗೆ ಹೊಸದು. ಕೊಪ್ಪಕ್ಕೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ 'ಬಂತು' ಎಂಬ ಆ ಒಂದು ಮಾತನ್ನೇ ಮೆಲುಕು ಹಾಕುತ್ತಿದ್ದ. ಸುತ್ತಿ ಬಳಸಿ ಹೇಳುವುದೇನಿದೆ, ಅವನಿಗೆ ಗೋದಾವರಿ ಟೀಚರ್ ಮೇಲೆ ಮನಸ್ಸಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಇನ್ನೂ ಸ್ವಲ್ಪ ಪರೀಕ್ಷೆ ಬಾಕಿಯಿದೆ ಎಂದು ಭಾನುವಾರಗಳನ್ನು ಎಳೆಯುತ್ತಿದ್ದ.

ಕೊನೆಯ ನಿಯಮ ವೀರಬಸಮ್ಮನದು. "ನಮ್ಮ ಹೆಣ್ಣುಮಕ್ಕಳ ಫೋಟೋ ನಿನ್ನ ಅಂಗಡೀಲಿ ಉಳೀಬಾರ್ದು. ಎಲ್ರೂ ಎದ್ದು ಹೋದ್ಮೇಲೆ ತಬಕು ತೊಳೆದಿಡ್ತೀವಲ್ಲ, ಹಂಗೆ ತೊಳೀಬೇಕು." ಸೋಮನಾಥ ಅದನ್ನೂ ಮಾಡಿದ. ಕೊನೆಯ ಫೋನು ಕೋಣೆ ಬಿಟ್ಟು ಐದು ನಿಮಿಷಕ್ಕೆ ಎಲ್ಲವೂ ಅಳಿದುಹೋಗಬೇಕು. ಬರೀ ಅಳಿಸಿದರೆ ಸಾಲದು, ಬೇರೆ ಯಾವ ಜಾಣನೂ ಮತ್ತೆ ಎತ್ತಲಾರದಂತೆ ಮೇಲಿಂದ ಮೇಲೆ ಸೊನ್ನೆ ಬರೆದು ಉಜ್ಜಿಬಿಡಬೇಕು. ಯಾರು ಏನಿಟ್ಟರು, ಯಾರು ತೆಗೆದುಕೊಂಡರು ಎಂಬ ಹೆಸರಿನ ಪಟ್ಟಿ ಮಾತ್ರ ಮುಂದಿನ ಸಲದವರೆಗೆ ಉಳಿಯುತ್ತದೆ. ಜಗಳ ಬಂದರೆ ಇರಲಿ ಎಂದು. ಈ ತೊಳೆಯುವ ಕೆಲಸದ ಬಗ್ಗೆ ಅವನಿಗೆ ಭಾರಿ ಹೆಮ್ಮೆ. "ಒಂದು ಚೂರು ಸುಣ್ಣದ ಕಲೆಯೂ ಉಳಿಯಲ್ಲ" ಅನ್ನುತ್ತಿದ್ದ.

ಸುದ್ದಿ ಹಬ್ಬಿತು. ಕಮ್ಮರಡಿಯಾಯಿತು, ಇಲ್ಲೇ ಪಕ್ಕದ ಊರು ನಾರ್ವೆಯಾಯಿತು, ಶೃಂಗೇರಿ ಕಡೆಯ ಒಂದು ಮದುವೆಗೂ ತಬಕು ಹೋಗಿ ಬಂತು. ಹೋದಲ್ಲೆಲ್ಲ ಸೋಮನಾಥ ಅದನ್ನು ನಡುವೆ ಇಟ್ಟು ತಾನು ಜಗಲಿಯಲ್ಲಿ ಕೂರುತ್ತಿದ್ದ. ಒಳಗೆ ನಗು, ಗಲಾಟೆ, "ಇದು ನೋಡೇ, ಅದು ನೋಡೇ." ಹೊರಗೆ ಇವನ ಫೋನಿನಲ್ಲಿ ಒಂದು ಅಂಕಿ ಮಾತ್ರ. ಕೋಣೆಯಲ್ಲಿ ಇಪ್ಪತ್ತಾರು. ಕೋಣೆಯಲ್ಲಿ ಮೂವತ್ತೊಂದು. ಆ ಲೆಕ್ಕದಲ್ಲಿ ಅವನು ಇರುತ್ತಿರಲಿಲ್ಲ. ನೀನೂ ಸೇರಿಕೋ ಎಂದು ಯಾರಾದರೂ ಕರೆದರೆ ಒಂದೇ ಉತ್ತರ. "ಬಡಿಸುವವನು ಪಂಕ್ತಿಯಲ್ಲಿ ಕೂರಬಾರ್ದು. ಎಲ್ರದ್ದೂ ಆಗ್ಲಿ."

ನಮ್ಮ ಕಡೆ ಅದು ಸರಿಯಾದ ಕ್ರಮವೇ. ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ಗಾದೆ ಇದೆ. ಬಡಿಸುವವನ ಗತಿ ಏನು ಎಂಬುದನ್ನು ಗಾದೆ ಹೇಳುವುದಿಲ್ಲ.

ಕಳೆದ ಜನವರಿಯಲ್ಲಿ ಗೋದಾವರಿ ಟೀಚರ್‌ಗೆ ಕಡೂರು ಕಡೆಗೆ ವರ್ಗವಾಯಿತು. ಶಾಲೆಯ ಸಭಾಂಗಣದಲ್ಲಿ ಮಧ್ಯಾಹ್ನ ಬೀಳ್ಕೊಡುಗೆ. ಊರವರು, ಹಳೆಯ ವಿದ್ಯಾರ್ಥಿಗಳು, ಮಹಿಳಾ ಸಂಘದವರು ಎಲ್ಲ ಬಂದರು. ತಬಕು ನಡುಮೇಜಿನ ಮೇಲೆ ಕೂತಿತು. ಕೋಣೆಯಲ್ಲಿ ನಲವತ್ತಮೂರು. ಅಷ್ಟು ದೊಡ್ಡ ಪಂಕ್ತಿಗೆ ಅದು ಹಿಂದೆಂದೂ ಬಡಿಸಿರಲಿಲ್ಲ. ಹಳೆಯ ಫೋಟೋ, ಮಕ್ಕಳು ಹಾಡಿದ ಹಾಡು, ಟೀಚರ್ ಪಾಠ ಮಾಡುವಾಗ ಕದ್ದು ಹಿಡಿದ ವಿಡಿಯೋ, ಏನೇನೋ ಇಟ್ಟರು, ಏನೇನೋ ತೆಗೆದುಕೊಂಡರು.

ಸೋಮನಾಥ ಬಾಗಿಲ ಹೊರಗಿನ ಕಟ್ಟೆಯಲ್ಲಿ ಒಬ್ಬ ಅಜ್ಜಿಯ ಫೋನು ಹಿಡಿದು ಗುದ್ದಾಡುತ್ತಿದ್ದ. ಗೋದಾವರಿ ಟೀಚರ್ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು.

"ಸೋಮನಾಥ್ ಅವರೇ, ನೀವು ತಗೊಂಡ್ರಾ?"

"ಆಮೇಲೆ ಮೇಡಂ. ಎಲ್ರದ್ದೂ ಆಗ್ಲಿ."

"ನಿಮ್ಮ ಹೆಸರಲ್ಲೂ ಒಂದು ಇಟ್ಟಿದ್ದೀನಿ." ಆಕೆ ಹಾರದ ಹೂವೊಂದನ್ನು ಕೀಳುತ್ತ ಹೇಳಿದರು. "ಆಮೇಲೆ ಅಂದ್ರೆ ಇರಲ್ಲ. ನಿಮ್ಗೇ ಗೊತ್ತಲ್ಲ."

"ಇಲ್ಲ ಮೇಡಂ, ಖಂಡಿತ ತಗೊಳ್ತೀನಿ."

ಆಗಲೇ ಎದ್ದು ಒಳಗೆ ಹೋಗಿ, ಮೂರಂಕಿ ಒತ್ತಿ, ತನ್ನದನ್ನು ತೆಗೆದುಕೊಳ್ಳಬಹುದಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಅಜ್ಜಿಯ ಫೋನು ಇನ್ನೂ ಸೇರಿರಲಿಲ್ಲ. ಇನ್ನೂ ಇಬ್ಬರು ಫೋನು ಹಿಡಿದು ಕಾಯುತ್ತಿದ್ದರು. ಪಂಕ್ತಿ ಏಳುವ ಮೊದಲು ಬಡಿಸುವವನು ಹೋಗಿ ತನ್ನ ಎಲೆ ಹಾಕಿಕೊಂಡು ಕೂರುವುದುಂಟೇ?

ನಾಲ್ಕೂವರೆಗೆ ಬಸ್ಸು ಬಂತು. ಅದು ತಪ್ಪಿದರೆ ಇನ್ನೊಂದು ಏಳಕ್ಕೆ. "ಬಸ್ಸು ಬಂತು!" ಎಂದು ಯಾರೋ ಕೂಗಿದ್ದೇ ತಡ, ಇಡೀ ಸಭಾಂಗಣ ಚಪ್ಪಲಿ ಹುಡುಕುತ್ತ ಎದ್ದು ಓಡಿತು. ಗೋದಾವರಿ ಟೀಚರನ್ನೂ ಹೆಂಗಸರು ನಡುವೆ ಹಾಕಿಕೊಂಡೇ ಒಯ್ದರು. ನಲವತ್ತು, ಇಪ್ಪತ್ತೆರಡು, ಒಂಬತ್ತು, ಒಂದು. ಸೋಮನಾಥ ಒಳಗೆ ಬಂದು ನೋಡಿದರೆ ಕುರ್ಚಿಯ ಮೇಲೆ ವೀರಬಸಮ್ಮನ ಫೋನು. ಮರೆತು ಹೋಗಿದ್ದಳು. ಅಯ್ಯೋ ಶಿವನೇ ಎಂದು ಅದನ್ನು ಎತ್ತಿಕೊಂಡು ಬಸ್ಸಿಗೆ ಓಡಿದ. ಕೋಣೆಯಲ್ಲಿದ್ದ ಕೊನೆಯ ಫೋನನ್ನು ಹೊರಗೆ ಒಯ್ದವನು ಅವನೇ. ಓಡುವಾಗ ಅದು ತಲೆಗೆ ಹೋಗಲಿಲ್ಲ.

ಬಸ್ಸು ನಿಂತಿತ್ತು, ಕಂಡಕ್ಟರ್ ಬೈದ. ವೀರಬಸಮ್ಮ ಕಿಟಕಿಯಿಂದ ಕೈ ಚಾಚಿ ಫೋನು ಇಸಿದುಕೊಂಡು, "ನೀನು ಇದ್ದಿದ್ಕೆ ಆಯ್ತು ನೋಡು ಸೋಮಣ್ಣ" ಅಂದಳು. ಹಿಂದಿನ ಸೀಟಿನಿಂದ ಗೋದಾವರಿ ಟೀಚರ್ ಬಗ್ಗಿ ನೋಡಿದರು. "ಮರೀಬೇಡಿ" ಎಂದರು. ಬಸ್ಸು ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೆ ಅವನು ಅಲ್ಲೇ ನಿಂತು ನೋಡಿದ. ಆಮೇಲೆ ನಿಧಾನ ನಡೆದು ಬಂದ.

ತಬಕಿನ ಅಂಚಿನಲ್ಲಿ ಹೊಳೆಯುತ್ತಿತ್ತು. ಕೋಣೆಯಲ್ಲಿ 0. ತೊಳೆದಾಗಿದೆ.

ಪಟ್ಟಿ ತೆಗೆದ. ನೂರಾ ಎಂಬತ್ತು ಸಾಲು. ಎಲ್ಲದರ ಮುಂದೆ ತೆಗೆದುಕೊಂಡವರ ಹೆಸರು. ಕೆಳಗಿನಿಂದ ನಾಲ್ಕನೆಯದು ಹೀಗಿತ್ತು. 'ಸೋಮನಾಥ್ ಅವರಿಗೆ. ಒಂದು ಫೋಟೋ. ದನಿ, ಎರಡು ನಿಮಿಷ ಹತ್ತು ಸೆಕೆಂಡು. ಇಟ್ಟವರು: ಗೋದಾವರಿ. ತೆಗೆದವರು: ಯಾರೂ ಇಲ್ಲ.'

ಖಾಲಿ ಸಭಾಂಗಣದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತ. ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಏನೆಲ್ಲ ಹೇಳಬಹುದು? ಥ್ಯಾಂಕ್ಸ್ ಹೇಳಲು ಅಷ್ಟು ಹೊತ್ತು ಬೇಡ.

ಮೂರು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಅಳಿದದ್ದನ್ನು ಎತ್ತುವ ಎಲ್ಲ ವಿದ್ಯೆಯನ್ನೂ ಪ್ರಯೋಗಿಸಿದ. ನೀರಿಗೆ ಬಿದ್ದ ಫೋನು, ಜೀಪಿನಡಿ ಸಿಕ್ಕ ಫೋನು, ಯಾವುದರಿಂದಲೂ ಫೋಟೋ ಎತ್ತಿ ಕೊಟ್ಟವನು. ಇಲ್ಲಿ ಬರೀ ಸೊನ್ನೆ ಸಿಕ್ಕಿತು. ಅಷ್ಟು ಚೊಕ್ಕಟವಾಗಿ ತೊಳೆದಿದ್ದ, ಪುಣ್ಯಾತ್ಮ.

"ಫೋನ್ ಮಾಡಿ ಕೇಳು ಮಾರಾಯ" ಎಂದರು ಕಮಾಲುದ್ದೀನ್ ಸಾಹೇಬರು. "ಟೀಚರೇ, ನಂಗೆ ಸಿಗ್ಲಿಲ್ಲ, ಇನ್ನೊಂದ್ಸಲ ಕಳಿಸಿ ಅಂದ್ರೆ ಗಂಟೇನು ಹೋಗ್ತದೆ?"

"ಹೆಂಗೆ ಕೇಳೋದು ಸಾಬ್ರೇ? ಅವ್ರು ಹೆಸರು ಬರೆದು ಇಟ್ಟಿದ್ರು. ನಾನು ಮುಟ್ಟೇ ಇಲ್ಲ ಅಂತ ಹೇಳೋದಾ?"

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಆದರೆ ನಮ್ಮಲ್ಲಿ ಮುಂದಿಟ್ಟ ಎಲೆಅಡಿಕೆಯನ್ನು ಮುಟ್ಟದೆ ಎದ್ದು ಹೋದರೆ ಆ ಮನೆಯ ಮುಖಕ್ಕೆ ಹೊಡೆದ ಹಾಗೆ. ಬೇಡವಾದರೂ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡೇ ಏಳುತ್ತಾರೆ. ಆಕೆ ಇಟ್ಟದ್ದನ್ನು ತಾನು ಮುಟ್ಟಲೇ ಇಲ್ಲ ಎಂದು ಹೇಳಲು ಅವನಿಗೆ ನಾಲಗೆ ಹೊರಳಲಿಲ್ಲ.

ಐದನೆಯ ದಿನ ಆಕೆಯೇ ಸಂದೇಶ ಕಳಿಸಿದರು. ಒಂದೇ ಮಾತು. 'ಕೇಳಿದ್ರಾ?'

ಸೋಮನಾಥ ಫೋನು ಹಿಡಿದು ಅರ್ಧ ಗಂಟೆ ಕೂತ. 'ಇಲ್ಲ ಮೇಡಂ' ಎಂದು ಬರೆದು ಅಳಿಸಿದ. ಕೊನೆಗೆ ಬರೆದು ಕಳಿಸಿಯೇಬಿಟ್ಟ. 'ಹೂಂ ಮೇಡಂ, ಕೇಳಿದೆ. ತುಂಬಾ ಚೆನ್ನಾಗಿತ್ತು.'

ಆ ಕಡೆ ಏನೋ ಬರೆಯುತ್ತಿರುವ ಗುರುತು ಕಂಡಿತು. ನಿಂತಿತು. ಮತ್ತೆ ಕಂಡಿತು. ಮತ್ತೆ ನಿಂತಿತು. ಬಹಳ ಹೊತ್ತಿನ ಮೇಲೆ ಬಂತು. 'ಸರಿ. ಥ್ಯಾಂಕ್ಸ್.'

ಕಮಾಲುದ್ದೀನ್ ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದರು. "ಬಾಯಿಗೇ ಹಾಕ್ದೆ ರುಚಿ ಹೇಳಿದ್ಯಲ್ಲ ಮಾರಾಯ! ಅವ್ರು ಎಂತಾದ್ರೂ ಕೇಳಿದ್ರೋ ಏನೋ. ಅದಕ್ಕೆ ಚೆನ್ನಾಗಿತ್ತು ಅನ್ನೋದು ಒಂದು ಉತ್ತರವಾ?"

ಸೋಮನಾಥ ಪಟ್ಟಿಯ ಆ ಸಾಲನ್ನು ಮತ್ತೆ ತೆಗೆದು ಓದಿದ. ಪ್ರಶ್ನೆ ಇದ್ದಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆದರೂ ಹೊರಡಲು ಮೂರು ವಾರ ಬೇಕಾಯಿತು. ಒಂದು ಭಾನುವಾರ ತಬಕನ್ನು ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ಕಡೂರಿಗೆ ಹೋದ. ಆಕೆಯ ಬಾಡಿಗೆ ಮನೆ ಪೇಟೆಯ ಅಂಚಿನಲ್ಲಿ, ಎದುರಿಗೆ ಬಟಾಬಯಲು, ತೆಂಗಿನ ಮರ. ಬಾಗಿಲು ತೆಗೆದ ಆಕೆ ಅವನನ್ನೂ ಅವನ ಚೀಲವನ್ನೂ ನೋಡಿದರು. ಆಮೇಲೆ, "ಬನ್ನಿ, ಒಳಗೆ ಬನ್ನಿ" ಎಂದರು. ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ಒಂದು ಸ್ಟೂಲು. ಸೋಮನಾಥ ಚೀಲದಿಂದ ತಬಕು ತೆಗೆದು ಸ್ಟೂಲಿನ ಮೇಲಿಟ್ಟ. ಮೂರಂಕಿ ಹೊಳೆಯಿತು. ಪರೀಕ್ಷೆಗಲ್ಲದೆ ತನಗಾಗಿ, ಮೊದಲ ಬಾರಿಗೆ ಆ ಅಂಕಿಯನ್ನು ತನ್ನ ಫೋನಿನಲ್ಲಿ ಒತ್ತಿದ. ಕೋಣೆಯಲ್ಲಿ 1.

"ಮೇಡಂ, ನಾನು ಸುಳ್ಳು ಹೇಳಿದೆ. ಕೇಳ್ಲಿಲ್ಲ ನಾನು. ವೀರಬಸಮ್ಮನ ಫೋನ್ ಕೊಡೋಕೆ ಬಸ್ಸಿಗೆ ಓಡಿದೆ, ಬರೋವಷ್ಟ್ರಲ್ಲಿ ತೊಳೆದುಹೋಗಿತ್ತು. ಮುಟ್ಟಲಿಲ್ಲ ಅಂತ ಹೇಳೋಕೆ ಮುಖ ಬರ್ಲಿಲ್ಲ." ತಬಕನ್ನು ಆಕೆಯತ್ತ ಸರಿಸಿದ. "ಇನ್ನೊಂದ್ಸಲ ಇಡಿ ಮೇಡಂ. ನಾನು ಇಲ್ಲೇ ಕೂತಿದ್ದೀನಿ. ಎಲ್ಲೂ ಹೋಗಲ್ಲ."

ಗೋದಾವರಿ ಟೀಚರ್ ಫೋನು ತೆಗೆದು ಅಂಕಿ ಒತ್ತಿದರು. ಕೋಣೆಯಲ್ಲಿ 2. ಆಕೆ ಏನೋ ಹುಡುಕಿ ಇಟ್ಟರು. ಸೋಮನಾಥ 'ತಗೊಳ್ಳಿ' ಒತ್ತಿದ.

ಬಂದದ್ದು ಒಂದು ಫೋಟೋ. ಬೀಳ್ಕೊಡುಗೆಯ ದಿನದ್ದು. ಬಾಗಿಲ ಹೊರಗಿನ ಕಟ್ಟೆಯಲ್ಲಿ ಅಜ್ಜಿಯ ಫೋನಿನ ಮೇಲೆ ಬಗ್ಗಿ ಕೂತ ಒಬ್ಬ ಮನುಷ್ಯ. ಹಣೆಯಲ್ಲಿ ಬೆವರು, ಬಾಯಿ ಸ್ವಲ್ಪ ತೆರೆದಿದೆ. ಅಷ್ಟೂ ಸಮಾರಂಭಗಳಲ್ಲಿ ಸಾವಿರಗಟ್ಟಲೆ ಫೋಟೋ ಆ ತಬಕಿನಲ್ಲಿ ಬಂದು ಹೋಗಿದ್ದವು. ಅವನಿದ್ದದ್ದು ಇದೊಂದರಲ್ಲಿ.

"ಇದು ಉಳಿದಿದೆ" ಎಂದರು ಆಕೆ. "ಆ ಮಾತನ್ನ ನಾನೂ ಅಳಿಸಿಬಿಟ್ಟೆ. ನೀವು ಚೆನ್ನಾಗಿತ್ತು ಅಂದಿರಲ್ಲ, ಅವತ್ತೇ."

"ಏನಿತ್ತು ಮೇಡಂ ಅದ್ರಲ್ಲಿ? ಈಗ ಹೇಳಿ. ನಾನು ಈಗ..."

"ಹೇಳೋಕೆ ನಂಗೆ ಎರಡು ವರ್ಷ ಬೇಕಾಯ್ತು. ಉತ್ತರ ಬಂದ್ಮೇಲೆ ಮೂರು ವಾರ ಅತ್ತೆ. ಈಗ ಎಲ್ಲ ತೊಳೆದಿಟ್ಟಾಯ್ತು." ಆಕೆ ನಗಲು ನೋಡಿದರು, ಕಣ್ಣು ಒದ್ದೆಯಾಯಿತು. ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಮತ್ತೆ ಅದನ್ನೆಲ್ಲ ಹರಡೋಕೆ ನನ್ ಕೈಲಾಗಲ್ಲ. ಇರ್ಲಿ ಬಿಡಿ. ಕಾಫಿ ಕುಡೀತೀರಾ ಸೋಮಣ್ಣ?"

ಸೋಮಣ್ಣ. ಊರಿಗೆಲ್ಲ ಅಣ್ಣನಾದವನು ಆಕೆಗೂ ಅಣ್ಣನಾದ. ಕುಡೀತೀನಿ ಎಂದ. ಕಾಫಿ ಒಳ್ಳೆಯದಿತ್ತು. ಕುಡಿದು, ಲೋಟ ತೊಳೆಯುತ್ತೇನೆ ಎಂದಾಗ ಆಕೆ ಬೇಡ ಎಂದರು. ತಬಕನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು, ಅತ್ತ. ಪಕ್ಕದವನು ಊರಿನಲ್ಲಿ ಯಾರಾದರೂ ಹೋದರೇ ಎಂದು ಕೇಳಿದ. ಹೌದು ಎಂದ.

ಈಗಲೂ ತಬಕು ಹೋಗುತ್ತದೆ, ಬರುತ್ತದೆ. ಮೊನ್ನೆ ಎನ್.ಆರ್.ಪುರ ಕಡೆ ವೀರಬಸಮ್ಮನ ತಮ್ಮನ ಮಗಳ ಸೀಮಂತಕ್ಕೂ ಹೋಗಿತ್ತು. ಅದರಲ್ಲೊಂದು ಹೊಸ ನಿಯಮ ಸೇರಿದೆ. ತಂದವನ ಹೆಸರಿಗೆ ಯಾರು ಏನಿಟ್ಟರೂ, ಅವನು ಎಲ್ಲಿ ಕೂತಿರಲಿ, ಎಲ್ಲರಿಗಿಂತ ಮೊದಲು ತಬಕು ಅದನ್ನು ಬೇರೆ ತೆಗೆದಿಟ್ಟಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಪಟ್ಟಿಯ ಮೊದಲ ಸಾಲೇ ಅದು, 'ಬಡಿಸುವವನ ಎಲೆ'.

ಸಮಾರಂಭ ಮುಗಿದು ಎಲ್ಲರೂ ಎದ್ದ ಮೇಲೆ ವೀರಬಸಮ್ಮ ಕನ್ನಡಕ ಏರಿಸಿ ಆ ಪಟ್ಟಿ ನೋಡಿದಳು.

"ಇದ್ಯಾರದಪ್ಪ ಸೋಮಣ್ಣ, ಮೊದಲ್ನೇ ಎಲೆ? ಇದ್ರಲ್ಲಿ ಏನೂ ಇಲ್ವಲ್ಲ."

"ನಂದೇ ಅಮ್ಮ" ಎಂದ ಸೋಮನಾಥ, ವಯರು ಸುತ್ತುತ್ತ. "ಇರ್ಲಿ ಬಿಡಿ. ಯಾರಾದ್ರೂ ಇಟ್ರೆ ಎಲೆ ಬೇಕಲ್ಲ."